ಮೂಲೆಯ ಮೇಜಿನ ನೆರವು: ವೈದ್ಯಕೀಯ ಗ್ರಂಥಾಲಯವೊಂದರ ಸಂಶೋಧನಾ ಸೇವೆಯ ವಿಮರ್ಶೆ

ನಾನು ಓದುತ್ತಿರುವ ಖಾಸಗಿ ವೈದ್ಯಕೀಯ ಕಾಲೇಜಿನ ಗ್ರಂಥಾಲಯದ ಮೊದಲನೇ ಮಹಡಿಯಲ್ಲಿ, ಬೈಂಡ್ ಮಾಡಿಟ್ಟ ಹಳೆಯ ನಿಯತಕಾಲಿಕಗಳ ಕಪಾಟುಗಳು ಮುಗಿಯುವ ಮೂಲೆಯಲ್ಲಿ, ಝೆರಾಕ್ಸ್ ಯಂತ್ರಕ್ಕೆ ತಾಗಿಕೊಂಡಂತೆ ಒಂದು ಮೇಜಿದೆ. ಅದರ ಮೇಲೆ ‘ಸಂಶೋಧನಾ ನೆರವು’ ಎಂಬ ಸಣ್ಣ ಫಲಕ, ಒಂದು ಕಂಪ್ಯೂಟರ್, ಎದುರಿಗೆ ಎರಡು ಕುರ್ಚಿ. ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡುತ್ತಿರುವ ನಾನು ಪ್ರಬಂಧದ ಸಿನಾಪ್ಸಿಸ್, ಅಂದರೆ ಸಂಶೋಧನೆಯ ಮುಂಗಡ ರೂಪರೇಖೆ, ಬರೆಯಲು ತೊಡಗಿದ ದಿನದಿಂದ ಪ್ರಬಂಧವನ್ನು ಸಲ್ಲಿಸುವವರೆಗೆ ಆ ಕುರ್ಚಿಯಲ್ಲಿ ಹನ್ನೊಂದು ಬಾರಿ ಕುಳಿತಿದ್ದೇನೆ. ಈ ಸೇವೆಯ ಗುಣದೋಷಗಳನ್ನು ನನ್ನ ಕಿರಿಯರಿಗೂ ಬೇರೆ ಕಾಲೇಜುಗಳ ಪಿಜಿಗಳಿಗೂ (ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ) ಉಪಯೋಗವಾಗಲೆಂದು ಇಲ್ಲಿ ದಾಖಲಿಸುತ್ತಿದ್ದೇನೆ. ದೂರುಗಳೂ ಇರುವುದರಿಂದ ಕಾಲೇಜಿನ ಹೆಸರನ್ನು ಹೇಳುವುದಿಲ್ಲ. ಇಂತಹ ಮೇಜು ಬೇರೆ ಅನೇಕ ಕಾಲೇಜುಗಳಲ್ಲೂ ಇದೆ, ಅದರ ಮುಂದಿನ ಕುರ್ಚಿಗಳು ಹೆಚ್ಚಿನ ಕಡೆ ಖಾಲಿಯಾಗಿಯೇ ಇರುತ್ತವೆ.

ಖಾಲಿ ಇರುವುದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಗ್ರಂಥಾಲಯವೆಂದರೆ ಪರೀಕ್ಷೆಯ ಮುಂಚೆ ಫ್ಯಾನಿನ ಕೆಳಗೆ ಜಾಗ ಹಿಡಿಯುವ ಓದುಕೋಣೆ, ಇಲ್ಲವೇ ನೋ ಡ್ಯೂ ಸಹಿ ಬೇಕಾದಾಗ ನೆನಪಾಗುವ ಕಚೇರಿ. ಲೇಖನ ಬೇಕಾದರೆ ಮೊಬೈಲಿನಲ್ಲೇ ಹುಡುಕುತ್ತೇವೆ, ಸಿಕ್ಕಿದ್ದನ್ನು ಇಳಿಸಿಕೊಳ್ಳುತ್ತೇವೆ, ಸಿಗದಿದ್ದನ್ನು ಸಾರಾಂಶವನ್ನಷ್ಟೇ ಓದಿ ಉಲ್ಲೇಖಿಸಿಬಿಡುತ್ತೇವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಅಧೀನ ಕಾಲೇಜುಗಳಿಗಾಗಿ 2003ರಲ್ಲಿ ಆರಂಭಿಸಿದ ಹೆಲಿನೆಟ್ ಎಂಬ ಗ್ರಂಥಾಲಯ ಒಕ್ಕೂಟದ ಮೂಲಕ ನಮಗೆ ಅನೇಕ ನಿಯತಕಾಲಿಕಗಳು ದೊರೆಯುತ್ತವೆ ಎಂಬುದು ನನ್ನ ತಂಡದ ಅರ್ಧದಷ್ಟು ಜನರಿಗೆ ಎರಡನೇ ವರ್ಷದವರೆಗೂ ಗೊತ್ತಿರಲಿಲ್ಲ. ಕೇಂದ್ರ ಸರ್ಕಾರವು 2025ರ ಜನವರಿಯಿಂದ ಜಾರಿಗೆ ತಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದ್ದಾರಾದರೂ ನಮ್ಮಂತಹ ಖಾಸಗಿ ಕಾಲೇಜಿಗೆ ಅದರ ಮೊದಲ ಹಂತದಲ್ಲಿ ಪಾಲಿಲ್ಲ. ಆದ್ದರಿಂದ ಹೆಲಿನೆಟ್ ನಮಗೆ ಇನ್ನೂ ದೊಡ್ಡ ಆಸರೆ. ಆದರೆ ಕಣಜ ತುಂಬಿದ್ದರೂ ಯಾವ ಮೂಲೆಯಲ್ಲಿ ಯಾವ ಧಾನ್ಯವಿದೆ ಎಂದು ತಿಳಿಯದವನಿಗೆ ಉಪವಾಸವೇ ಗತಿ. ನಾನು ಮೊದಲ ಸಲ ಮೇಲೆ ಹೋದಾಗ ಸಾಂಕ್ರಾಮಿಕ ರೋಗಗಳ ಪುಸ್ತಕಗಳು ಎಲ್ಲಿವೆ ಎಂದು ಅಟೆಂಡರನ್ನು ಕೇಳಿದೆ. ಅವರು ಗಂಭೀರವಾಗಿ “ಡಬ್ಲ್ಯೂಸಿ ಹತ್ರ ನೋಡಿ” ಎಂದರು. ನಾನು ಕಾರಿಡಾರಿನ ತುದಿಯ ಶೌಚಾಲಯದತ್ತ ನಡೆದುಬಿಟ್ಟೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ವರ್ಗೀಕರಣದಲ್ಲಿ ಸಾಂಕ್ರಾಮಿಕ ರೋಗಗಳಿಗೆ ಕೊಟ್ಟಿರುವ ಅಕ್ಷರಗಳೇ ಡಬ್ಲ್ಯೂಸಿ ಎಂಬುದು ಆಮೇಲೆ ತಿಳಿಯಿತು.

ನನ್ನ ವಿಷಯ ಮಂಗನ ಕಾಯಿಲೆ. ಶಾಸ್ತ್ರೀಯವಾಗಿ ಕ್ಯಾಸನೂರು ಕಾಡಿನ ಕಾಯಿಲೆ ಎನ್ನುವ ಇದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಗುರುತಿಗೆ ಬಂದು, ಅಂದಿನಿಂದ ಮಲೆನಾಡಿನಲ್ಲಿ ಬೇಸಿಗೆಯ ಹೊಸ್ತಿಲಲ್ಲಿ ಪ್ರತಿ ವರ್ಷ ಭಯ ಹುಟ್ಟಿಸುವ ವೈರಸ್ ಜ್ವರ. ಉಣುಗು, ಅಂದರೆ ರಕ್ತ ಹೀರುವ ಉಣ್ಣಿ, ಕಚ್ಚುವುದರಿಂದ ಬರುತ್ತದೆ. ನಾನು ಹುಟ್ಟಿದ್ದು ಆ ಕಡೆಯೇ ಆದ್ದರಿಂದ ವಿಷಯದ ಆಯ್ಕೆಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ‘ಮಂಗನ ಕಾಯಿಲೆಯ ತಡೆಗಟ್ಟುವಿಕೆ’ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಸಂಶೋಧನಾ ನೆರವಿನ ಗ್ರಂಥಪಾಲಕರ ಮುಂದಿಟ್ಟು, ಇದರ ಬಗ್ಗೆ ಇರುವ ಲೇಖನಗಳನ್ನೆಲ್ಲ ತೆಗೆದುಕೊಡಿ ಎಂದೆ. ಇಪ್ಪತ್ತು ವರ್ಷಕ್ಕೂ ಮೀರಿದ ಸೇವೆಯ, ನಿಧಾನ ಮಾತಿನ ಹಿರಿಯರು ಅವರು. ಹಾಳೆಯನ್ನು ಓದಿ, ಮಡಚಿ, ಹಿಂದಿರುಗಿಸಿ, “ಡಾಕ್ಟರೇ, ಪ್ರಶ್ನೆ ಇನ್ನೂ ಬೆಂದಿಲ್ಲ, ಕೂತ್ಕೊಳ್ಳಿ” ಎಂದರು.

ಆಮೇಲಿನ ನಲವತ್ತು ನಿಮಿಷ ಅವರು ಕಂಪ್ಯೂಟರನ್ನು ಮುಟ್ಟಲಿಲ್ಲ. ಯಾರನ್ನು ಕುರಿತ ತಡೆ, ಲಸಿಕೆ ಹಾಕಿಸಿಕೊಳ್ಳುವವರದೋ ಕಾಡಿಗೆ ಹೋಗುವವರದೋ? ಕಾಡಿಗೆ ಹೋಗುವವರೆಂದರೆ ದರಗು (ಉದುರಿದ ಒಣ ಎಲೆ) ಗುಡಿಸಲು ಹೋಗುವ ಹೆಂಗಸರೇ, ದನ ಮೇಯಿಸುವವರೇ, ಅರಣ್ಯ ಇಲಾಖೆಯ ವಾಚರುಗಳೇ? ಅವರು ಮಾಡುವುದೇನು, ಎಣ್ಣೆ ಹಚ್ಚಿಕೊಳ್ಳುವುದೋ, ಬಂದಮೇಲೆ ಬಿಸಿನೀರು ಸ್ನಾನವೋ? ಯಾವುದರೊಂದಿಗೆ ಹೋಲಿಸುತ್ತೀರಿ, ಏನನ್ನು ಅಳೆಯುತ್ತೀರಿ? ಜನಸಮೂಹ, ಕ್ರಮ, ಹೋಲಿಕೆ, ಪರಿಣಾಮ ಎಂಬ ಈ ನಾಲ್ಕು ಕಂಬಗಳ ಚೌಕಟ್ಟನ್ನು ನಾನು ಉಪನ್ಯಾಸದಲ್ಲಿ ಕೇಳಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಅದು ನನ್ನ ಸ್ವಂತ ಪ್ರಶ್ನೆಗೆ ಅನ್ವಯವಾಗಬೇಕಾದ ಸಂಗತಿ ಎಂದು ಅರಿವಾದದ್ದು ಅಂದೇ. ಕೊನೆಗೆ ಹೊರಬಂದದ್ದು ಇಷ್ಟು: ಕಾಡನ್ನು ಅವಲಂಬಿಸಿದ ಕುಟುಂಬಗಳು ಆರೋಗ್ಯ ಇಲಾಖೆ ಹಂಚುವ ಉಣುಗು ನಿವಾರಕ ಎಣ್ಣೆಯನ್ನು ಎಷ್ಟರಮಟ್ಟಿಗೆ ಬಳಸುತ್ತವೆ, ಬಳಸದಿರಲು ಕಾರಣವೇನು. ಈ ಪ್ರಶ್ನೆಯನ್ನು ನನ್ನ ಗೈಡ್ ಒಂದೇ ಓದಿಗೆ ಒಪ್ಪಿದರು. ಅದಕ್ಕೂ ಮೊದಲು ಮೂರು ಬಾರಿ ತಿರಸ್ಕೃತನಾಗಿದ್ದ ನನಗೆ ಈ ಸೇವೆಯ ಮೇಲೆ ನಂಬಿಕೆ ಕುದುರಿದ್ದು ಆಗ.

ಎರಡನೇ ಭೇಟಿಯಲ್ಲಿ ಶೋಧ ಆರಂಭವಾಯಿತು. ನಾನು ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಜಾಲಸೂಚಿಯಲ್ಲಿ ರೋಗದ ಇಂಗ್ಲಿಷ್ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದ ಪಟ್ಟಿಯನ್ನು ಹೆಮ್ಮೆಯಿಂದಲೇ ತೋರಿಸಿದೆ. ಚಿಹ್ನೆ ಹಾಕಿದರೆ ಶೋಧ ನಿಖರವಾಗುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಅದು ಅರ್ಧ ನಿಜ. ನಾವು ಸಾದಾ ಪದವನ್ನು ಹಾಕಿದಾಗ ಪಬ್‌ಮೆಡ್ ತಾನಾಗಿಯೇ ಅದನ್ನು ಮೆಶ್ ಎಂಬ ಶೀರ್ಷಿಕಾ ಪಟ್ಟಿಯ ಅಧಿಕೃತ ಪದಕ್ಕೆ ಹೊಂದಿಸಿಕೊಂಡು, ಲೇಖಕರು ಬೇರೆ ಮಾತಿನಲ್ಲಿ ಬರೆದಿದ್ದರೂ ಆ ಶೀರ್ಷಿಕೆಯಡಿ ಸೇರಿಸಿದ ಲೇಖನಗಳನ್ನು ಎಳೆದು ತರುತ್ತದೆ. ಉದ್ಧರಣ ಚಿಹ್ನೆ ಹಾಕಿದೊಡನೆ ಆ ಹೊಂದಾಣಿಕೆ ನಿಂತುಹೋಗುತ್ತದೆ. ಹಾಗೆಂದು ಮೆಶ್ ಶೀರ್ಷಿಕೆಯೊಂದನ್ನೇ ನಂಬಿದರೂ ಕೆಟ್ಟಿತು, ಏಕೆಂದರೆ ಪಬ್‌ಮೆಡ್‌ನಲ್ಲಿರುವ ಎಲ್ಲ ಲೇಖನಗಳಿಗೂ ಮೆಶ್ ಶೀರ್ಷಿಕೆ ಇರುವುದಿಲ್ಲ. ಮೆಡ್‌ಲೈನ್ ಎಂಬ ಅದರ ಮುಖ್ಯ ಪಟ್ಟಿಗೆ ಸೇರದೆ ಬೇರೆ ದಾರಿಯಿಂದ ಬಂದ ಲೇಖನಗಳು ಶೀರ್ಷಿಕೆಯಿಲ್ಲದೆಯೇ ಉಳಿದಿರುತ್ತವೆ. ಆದ್ದರಿಂದ ಅಧಿಕೃತ ಶೀರ್ಷಿಕೆ ಒಂದು ಕಡೆ, ಜನ ಬರೆಯುವ ಸಾದಾ ಪದಗಳು ಇನ್ನೊಂದು ಕಡೆ, ನಡುವೆ ‘ಅಥವಾ’ ಹಾಕಿ ಎರಡನ್ನೂ ಕೂಡಿಸಬೇಕು ಎಂದು ಅವರು ತೋರಿಸಿಕೊಟ್ಟರು. ಹಾಗೆ ಮಾಡಿದಾಗ ನನ್ನ ಪಟ್ಟಿ ಉದ್ದವಾಯಿತು. ಹೊಸದಾಗಿ ಸೇರಿದವುಗಳಲ್ಲಿ ನಿವಾರಕ ಎಣ್ಣೆಗಳ ಬಗೆಗಿನ ಬರಹಗಳೂ ಇದ್ದವು. ಅವುಗಳಲ್ಲಿ ರೋಗದ ಹೆಸರು ಎಲ್ಲೋ ಒಂದು ಮೂಲೆಯಲ್ಲಷ್ಟೇ ಇತ್ತು. ಹಳ್ಳಿಗಳಲ್ಲಿ ಡಿಎಂಪಿ ಎಣ್ಣೆ ಎಂದೂ, ಈಚೆಗೆ ಡೆಪಾ ಎಣ್ಣೆ ಎಂದೂ ಕರೆಯುವ ಇವುಗಳನ್ನು ಅವುಗಳ ರಾಸಾಯನಿಕ ಹೆಸರಿನಿಂದಲೂ ಹುಡುಕಬೇಕು ಎಂಬುದು ನನಗೆ ಹೊಳೆದಿರಲೇ ಇಲ್ಲ.

ಆದರೆ ಈ ಸೇವೆಯ ನಿಜವಾದ ಬೆಲೆ ನನಗೆ ಮನವರಿಕೆಯಾದದ್ದು ಊರುಗಳ ಹೆಸರಿನ ವಿಷಯದಲ್ಲಿ. ಶಿವಮೊಗ್ಗ ಎಂಬ ಇಂಗ್ಲಿಷ್ ಕಾಗುಣಿತದಿಂದ ನಾನು ಹುಡುಕಿದ್ದೆ. ಆ ಕಾಗುಣಿತ ಅಧಿಕೃತವಾದದ್ದು 2014ರ ನವೆಂಬರ್ 1ರಂದು, ಬೆಂಗಳೂರು, ಮೈಸೂರು, ಬೆಳಗಾವಿ ಮೊದಲಾದ ಹನ್ನೆರಡು ಊರುಗಳ ಹೆಸರನ್ನು ತಿದ್ದಿದ ದಿನ. ಅದಕ್ಕೂ ಹಿಂದಿನ ಲೇಖನಗಳಲ್ಲಿರುವುದು ಶಿಮೊಗಾ. ಇಷ್ಟನ್ನು ನಾನೂ ಊಹಿಸಬಹುದಿತ್ತು. ಊಹಿಸದಿದ್ದದ್ದು, 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯದ ಹೆಸರೇ ಮೈಸೂರು ರಾಜ್ಯವಾಗಿತ್ತೆಂಬ ಸರಳ ಸಂಗತಿಯನ್ನು. ಕನ್ನಡ ರಾಜ್ಯೋತ್ಸವದ ಭಾಷಣಗಳಲ್ಲಿ ಪ್ರತಿ ವರ್ಷ ಕೇಳುವ ಆ ವಿಷಯ ಕಂಪ್ಯೂಟರಿನ ಮುಂದೆ ಕುಳಿತಾಗ ನೆನಪಿಗೆ ಬಂದಿರಲಿಲ್ಲ. ರೋಗ ಪತ್ತೆಯಾದ ಮೊದಲ ಹದಿನಾರು ವರ್ಷಗಳಲ್ಲಿ, ಅಂದರೆ ಅತಿ ಹೆಚ್ಚು ಮೂಲಭೂತ ಕೆಲಸ ನಡೆದ ಕಾಲದಲ್ಲಿ, ‘ಕರ್ನಾಟಕ’ ಎಂದು ಹುಡುಕಿದವನಿಗೆ ಸಿಗುವುದು ಬಹಳ ಕಡಿಮೆ. ಉತ್ತರ ಕನ್ನಡವು ಆ ಬರಹಗಳಲ್ಲಿ ನಾರ್ತ್ ಕೆನರಾ, ದಕ್ಷಿಣ ಕನ್ನಡವು ಸೌತ್ ಕೆನರಾ. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಗುವವರೆಗಿನ ಬರಹಗಳಲ್ಲಿ ಈಗಿನ ಉಡುಪಿಯ ಹಳ್ಳಿಗಳೆಲ್ಲ ಹಳೆಯ ಜಿಲ್ಲೆಯ ಹೆಸರಿನಡಿಯಲ್ಲೇ ಇರುತ್ತವೆ. ಸೊರಬ, ಸಾಗರ, ತೀರ್ಥಹಳ್ಳಿಗಳನ್ನು ಇಂಗ್ಲಿಷಿನಲ್ಲಿ ಎರಡೆರಡು ಬಗೆಯಲ್ಲಿ ಬರೆದಿದ್ದಾರೆ. ಗ್ರಂಥಪಾಲಕರು ಇವನ್ನೆಲ್ಲ ಒಂದು ಹಾಳೆಯ ಮೇಲೆ ತಮ್ಮ ಕೈಬರಹದಲ್ಲಿ ಪಟ್ಟಿ ಮಾಡಿಕೊಟ್ಟರು. ನನ್ನ ಪ್ರಬಂಧದ ಅನುಬಂಧದಲ್ಲಿ ಸೇರಿರುವ ಶೋಧ ವಿವರಕ್ಕೆ ಆ ಹಾಳೆಯೇ ಮೂಲ.

ಇದಕ್ಕೆ ಇನ್ನೊಂದು ಕಾರಣವನ್ನೂ ಅವರು ವಿವರಿಸಿದರು. ಪಬ್‌ಮೆಡ್‌ನಲ್ಲಿ 1966ಕ್ಕಿಂತ ಹಿಂದಿನ ಲೇಖನಗಳೂ ಇವೆ, ಆದರೆ ಅವನ್ನು ಮುದ್ರಿತ ಸೂಚಿಗಳಿಂದ ಆಮೇಲೆ ಸೇರಿಸಿದ್ದು, ಅವುಗಳಿಗೆ ಸಾರಾಂಶವಿಲ್ಲ. ಸಾರಾಂಶವಿಲ್ಲದ ಲೇಖನವನ್ನು ಯಂತ್ರ ಹುಡುಕುವುದು ಬಹುಮಟ್ಟಿಗೆ ತಲೆಬರಹದ ಆಧಾರದಲ್ಲಿ. ತಲೆಬರಹದಲ್ಲಿ ಆ ಕಾಲದವರು ಬಳಸಿದ ಪದವನ್ನೇ ನಾವು ಬಳಸದಿದ್ದರೆ ಲೇಖನ ಕಣ್ಣೆದುರಿಗಿದ್ದರೂ ಇಲ್ಲದಂತೆ. ಈ ರೋಗದ ಮಟ್ಟಿಗಂತೂ ಪದಗಳು ವಿಪರೀತ ಬದಲಾಗಿವೆ. ಆರಂಭದಲ್ಲಿ ಇದನ್ನು ರಷ್ಯಾದ ವಸಂತ-ಬೇಸಿಗೆಯ ಮಿದುಳು ಜ್ವರದ ವೈರಸ್ ಬಳಗಕ್ಕೆ ಸೇರಿಸಿ ಬರೆದರು, ಆದ್ದರಿಂದ ಆ ಪದಗಳಿಂದಲೂ ಹುಡುಕಬೇಕು. ಮಲೆನಾಡಿನ ಮುಸುವವನ್ನು ಹಳೆಯ ಬರಹಗಳು ಪ್ರೆಸ್ಬೈಟಿಸ್ ಎಂಟೆಲಸ್ ಎಂದರೆ ಹೊಸವು ಸೆಮ್ನೊಪಿಥೆಕಸ್ ಎನ್ನುತ್ತವೆ. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಕಾಣಿಸಿಕೊಂಡ ಇದರ ಹತ್ತಿರದ ನೆಂಟ ವೈರಸ್ಸಿನ ಹೆಸರಿನ ಬಗ್ಗೆಯೇ ತಕರಾರಿದ್ದು, ಕೆಲವರು ಅಲ್‌ಖುರ್ಮಾ ಎಂದೂ ಇನ್ನು ಕೆಲವರು ಅಲ್‌ಖುಮ್ರಾ ಎಂದೂ ಬರೆಯುತ್ತಾರೆ. ಒಂದನ್ನು ಹಾಕಿದರೆ ಇನ್ನೊಂದು ತಪ್ಪಿಹೋಗಬಹುದು. ವೈದ್ಯಪದವಿ ಇಲ್ಲದ ಒಬ್ಬರು ಇಷ್ಟನ್ನು ಬಲ್ಲರಲ್ಲ ಎಂದು ನಾನು ಆಶ್ಚರ್ಯಪಟ್ಟಾಗ, ಇದು ವೈದ್ಯವಲ್ಲ, ಕ್ಯಾಟಲಾಗಿನ ಅಭ್ಯಾಸ ಎಂದು ಹೇಳಿ ಸುಮ್ಮನಾದರು.

ಅವರು ತಮ್ಮ ಗೆರೆಯನ್ನು ಚೆನ್ನಾಗಿ ಬಲ್ಲವರು ಎಂಬುದು ಲಸಿಕೆಯ ಪ್ರಸಂಗದಲ್ಲಿ ಕಂಡಿತು. ಎಣ್ಣೆಯ ಬಳಕೆಯ ಹಿನ್ನೆಲೆಯನ್ನು ಬರೆಯುವಾಗ ಲಸಿಕೆಯ ಕುರಿತ ಎರಡು ಕ್ಷೇತ್ರ ಅಧ್ಯಯನಗಳು ಕೈಗೆ ಬಂದವು. ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಮೊದಲನೆಯದು ಒಂದು ಡೋಸಿಗೆ ಶೇ 79.3, ಎರಡು ಡೋಸಿಗೆ ಶೇ 93.5 ರಕ್ಷಣೆ ಎನ್ನುತ್ತದೆ. 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿ 2013ರಲ್ಲಿ ಬಂದ ಎರಡನೆಯದು ಎರಡು ಡೋಸಿಗೆ ಶೇ 62.4, ಬೂಸ್ಟರನ್ನೂ ಪಡೆದವರಿಗೆ ಶೇ 82.9 ಎನ್ನುತ್ತದೆ, ಒಂದೇ ಡೋಸಿನಿಂದ ಪ್ರಯೋಜನವೇ ಕಾಣಲಿಲ್ಲ ಎಂದೂ ಹೇಳುತ್ತದೆ. ಇವೆರಡರಲ್ಲಿ ಯಾವುದನ್ನು ನಂಬಬೇಕು ಎಂದು ಕೇಳಿದಾಗ, ಅದು ನಿಮ್ಮ ಗೈಡನ್ನೂ ಸಂಖ್ಯಾಶಾಸ್ತ್ರದವರನ್ನೂ ಕೇಳಬೇಕಾದ ಪ್ರಶ್ನೆ, ಎರಡನ್ನೂ ಪೂರ್ತಿಯಾಗಿ ಕೈಗೆ ಕೊಡುವುದಷ್ಟೇ ನನ್ನ ಕೆಲಸ ಎಂದರು. ನನಗೆ ಆಗ ಸ್ವಲ್ಪ ನಿರಾಸೆಯಾಯಿತು. ಇಂತಹ ಸೇವೆಯಿಂದ ವ್ಯಾಖ್ಯಾನವನ್ನೂ ನಿರೀಕ್ಷಿಸುವವರು ಇದನ್ನು ತಿಳಿದಿರಬೇಕು: ಆ ಮೇಜಿನಲ್ಲಿ ಲೇಖನ ಸಿಗುತ್ತದೆ, ತೀರ್ಪು ಸಿಗುವುದಿಲ್ಲ. ಆದರೆ ಅಂದು ಅವರು ಒಂದು ಮಾತನ್ನು ಮಾತ್ರ ಸೇರಿಸಿದ್ದರು. ಮೊದಲನೆಯದರ ತಲೆಬರಹದಲ್ಲಿ ‘ಮೌಲ್ಯಮಾಪನ’ ಎಂಬ ಅರ್ಥದ ಪದವಿದೆ, ಎರಡನೆಯದರಲ್ಲಿ ‘ಪರಿಣಾಮಕಾರಿತ್ವ’ ಎಂಬ ಅರ್ಥದ್ದು. ಒಂದೇ ಪದವನ್ನು ಇಟ್ಟುಕೊಂಡು ಹುಡುಕಿದ್ದರೆ ಒಂದು ಮಾತ್ರ ಕಣ್ಣಿಗೆ ಬಿದ್ದು, ನಿಮಗೆ ಈ ಗೊಂದಲವೇ ಹುಟ್ಟುತ್ತಿರಲಿಲ್ಲ ಎಂದು.

ಹಳೆಯ ಲೇಖನಗಳನ್ನು ತರಿಸಿಕೊಡುವ ವಿಷಯದಲ್ಲಿ ನನ್ನ ಮೆಚ್ಚುಗೆ ಅಷ್ಟು ಧಾರಾಳವಲ್ಲ. 1957ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್‌ನ 11ನೇ ಸಂಪುಟದಲ್ಲಿ ಬಂದ, ಮನುಷ್ಯರಲ್ಲಿ ಈ ರೋಗದ ಲಕ್ಷಣಗಳನ್ನು ಮೊದಲು ವಿವರಿಸಿದ ಪ್ರಾಥಮಿಕ ವರದಿ ನನಗೆ ಬೇಕಿತ್ತು. ಇದು ಒಂದು ಲೇಖನಮಾಲೆಯ ಮೂರನೆಯ ಕಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅಂದರೆ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆಯವರು, ರೋಮನ್ ಅಂಕಿಗಳನ್ನು ಕೊಟ್ಟು ಬರೆದ ಮಾಲೆ ಅದು. ಎಲ್ಲ ಕಂತುಗಳೂ ಒಂದೇ ನಿಯತಕಾಲಿಕದಲ್ಲಿ ಬಂದಿಲ್ಲ. ಉಣುಗಿನಿಂದ ವೈರಸ್ಸನ್ನು ಬೇರ್ಪಡಿಸಿದ ಎಂಟನೆಯ ಕಂತು 1959ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿದೆ. ನಮ್ಮಲ್ಲಿ ನನಗೆ ಬೇಕಿದ್ದ 1957ರ ಸಂಪುಟವಿಲ್ಲದ್ದರಿಂದ ಬೇರೆ ಊರಿನ ಗ್ರಂಥಾಲಯವೊಂದಕ್ಕೆ ಕೋರಿಕೆ ಕಳುಹಿಸಿದರು. ಮೂರು ವಾರವಾದರೂ ಉತ್ತರವಿಲ್ಲ, ನೆನಪಿಸಿದ ಮೇಲೆ ಸ್ಕ್ಯಾನ್ ಬಂತು, ಬಂದ ಸ್ಕ್ಯಾನಿನಲ್ಲಿ ಎರಡು ಪುಟಗಳಿರಲಿಲ್ಲ, ಮೂರನೆಯದರಲ್ಲಿ ಯಾರದೋ ಹೆಬ್ಬೆರಳು ಅರ್ಧ ಕೋಷ್ಟಕವನ್ನು ಮುಚ್ಚಿತ್ತು. ಮತ್ತೆ ಬರೆದು, ಮತ್ತೆ ಕಾದು, ಪೂರ್ತಿ ಲೇಖನ ಕೈಸೇರುವಷ್ಟರಲ್ಲಿ ಸಿನಾಪ್ಸಿಸ್ ಸಲ್ಲಿಸಿಯಾಗಿತ್ತು. ತಪ್ಪು ನಮ್ಮ ಮೇಜಿನದಲ್ಲ ಎನ್ನಬಹುದು. ಆದರೆ ಕೋರಿಕೆ ಎಲ್ಲಿಗೆ ಹೋಯಿತು, ಯಾವ ಹಂತದಲ್ಲಿದೆ ಎಂದು ನೋಡಲು ನಮಗೆ ಯಾವ ದಾರಿಯೂ ಇಲ್ಲ. ನೀಲಿ ಶಾಯಿಯ ಒಂದು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ, ಪ್ರತಿ ಬಾರಿ ಮೆಟ್ಟಿಲು ಹತ್ತಿ ಹೋಗಿ ಕೇಳಬೇಕು.

ಉಲ್ಲೇಖಗಳ ತಪಾಸಣೆ ಈ ಸೇವೆಯಲ್ಲಿ ನಾನು ಅತ್ಯಂತ ಕಡಿಮೆ ನಿರೀಕ್ಷಿಸಿ ಅತ್ಯಂತ ಹೆಚ್ಚು ಪಡೆದ ಭಾಗ. ಪ್ರಬಂಧದ ಕರಡನ್ನು ಕೊಟ್ಟರೆ ಆಕರಪಟ್ಟಿಯಿಂದ ಇಪ್ಪತ್ತನ್ನು ಆರಿಸಿ ಮೂಲದೊಂದಿಗೆ ಹೋಲಿಸಿ ನೋಡುತ್ತಾರೆ. ನನ್ನ ಇಪ್ಪತ್ತರಲ್ಲಿ ಐದು ತಪ್ಪು. ಮೂರರಲ್ಲಿ ಪುಟಸಂಖ್ಯೆ ಅಥವಾ ವರ್ಷ ತಪ್ಪಿತ್ತು. ಅವನ್ನು ನಾನು ಹಿಂದಿನವರ ಪ್ರಬಂಧಗಳಿಂದ ಎತ್ತಿಕೊಂಡಿದ್ದೆ. ಮೂಲವನ್ನು ನೋಡದೆ ಒಬ್ಬರಿಂದ ಒಬ್ಬರು ಎತ್ತಿಕೊಂಡು ಬಂದ ತಪ್ಪು ಅದು, ಅಜ್ಜಿಯ ಕತೆಯಂತೆ ತಲೆಮಾರಿಗೊಮ್ಮೆ ಸ್ವಲ್ಪ ಬದಲಾಗುತ್ತ. ಉಳಿದ ಎರಡು ಲೇಖನಗಳು ಇಲ್ಲವೇ ಇಲ್ಲ. ಅವನ್ನು ನನಗೆ ಕೊಟ್ಟದ್ದು ಒಂದು ಎಐ ಚಾಟ್‌ಬಾಟ್. ಲೇಖಕರ ಹೆಸರುಗಳು ನಂಬುವಂತಿದ್ದವು, ನಿಯತಕಾಲಿಕ ನಿಜವಾದದ್ದೇ, ಸಂಪುಟದ ಸಂಖ್ಯೆಯೂ ಆ ವರ್ಷಕ್ಕೆ ಸರಿಹೊಂದುತ್ತಿತ್ತು. ಆದರೆ ಆ ಸಂಪುಟದ ಆ ಪುಟದಲ್ಲಿ ಬೇರೆ ಯಾವುದೋ ಲೇಖನ, ಲೇಖನದ ಜಾಲ ಗುರುತಾದ ಡಿಒಐ ಸಂಖ್ಯೆಯನ್ನು ಒತ್ತಿದರೆ ಎಲ್ಲಿಗೂ ಹೋಗದು. ಒಂದು ವಾಕ್ಯದಲ್ಲಿ ನಾನು ಅವೆರಡರಲ್ಲಿ ಒಂದರ ಆಧಾರದ ಮೇಲೆ ಎಣ್ಣೆ ಬಳಕೆಯ ಪ್ರಮಾಣವನ್ನೇ ಹೇಳಿದ್ದೆ. ಗ್ರಂಥಪಾಲಕರು ಬೈಯಲಿಲ್ಲ, ಆ ವರ್ಷ ಇಂಥವು ಹಲವು ಬಂದಿವೆ ಎಂದಷ್ಟೇ ಹೇಳಿದರು. ನಾನು ಹಾಸ್ಟೆಲಿಗೆ ಹೋಗಿ ಉಳಿದ ಎಲ್ಲ ಉಲ್ಲೇಖಗಳನ್ನೂ ಒಂದೊಂದಾಗಿ ತೆರೆದು ನೋಡಿದೆ. ಎರಡು ರಾತ್ರಿ ಹಿಡಿಯಿತು. ಇಪ್ಪತ್ತನ್ನು ಮಾತ್ರ ನೋಡುವುದು ಸಾಲದು ಎಂಬ ದೂರು ನನ್ನದಲ್ಲ. ಎಲ್ಲವನ್ನೂ ಅವರೇ ನೋಡಿಕೊಟ್ಟಿದ್ದರೆ ನಾನು ಆ ಎರಡು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಿದ್ದೆ, ಕಲಿಯುತ್ತಿರಲಿಲ್ಲ.

ಉಲ್ಲೇಖಗಳನ್ನು ವ್ಯಾಂಕೂವರ್ ಎಂಬ, ಅಂಕಿ ಕೊಟ್ಟು ಸೂಚಿಸುವ ಶೈಲಿಯಲ್ಲಿ ಜೋಡಿಸಲು ಝೊಟೆರೊ ಎಂಬ ಉಚಿತ ತಂತ್ರಾಂಶವನ್ನು ಬಳಸುವ ಎರಡು ಗಂಟೆಯ ತರಬೇತಿಯನ್ನೂ ಇವರು ವರ್ಷಕ್ಕೊಮ್ಮೆ ನಡೆಸುತ್ತಾರೆ. ತರಬೇತಿ ಸಾಧಾರಣ, ಅದರ ಮುಕ್ಕಾಲು ಭಾಗ ಪರದೆ ಹೊಂದಿಸುವುದರಲ್ಲೇ ಕಳೆಯಿತು. ಹಿಂತೆಗೆದುಕೊಂಡ ಲೇಖನ ನಮ್ಮ ಪಟ್ಟಿಯಲ್ಲಿದ್ದರೆ ಆ ತಂತ್ರಾಂಶ ಕೆಂಪು ಪಟ್ಟಿಯಲ್ಲಿ ಎಚ್ಚರಿಸುತ್ತದೆ ಎಂದು ತಿಳಿದದ್ದೊಂದೇ ಲಾಭ.

ಇನ್ನು ಮುಖ್ಯ ದೂರು, ಸಮಯ. ಮೇಜು ತೆರೆದಿರುವುದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ, ನಡುವೆ ಒಂದು ಗಂಟೆ ಊಟದ ಬಿಡುವು, ಭಾನುವಾರ ರಜೆ, ಎರಡನೇ ಶನಿವಾರ ರಜೆ. ಗ್ರಂಥಾಲಯದ ಓದುಕೋಣೆ ರಾತ್ರಿ ಹನ್ನೊಂದರವರೆಗೆ ತೆರೆದಿದ್ದರೂ ಈ ಮೇಜಿಗೆ ಮಾತ್ರ ಕಚೇರಿ ವೇಳೆ. ಆ ವೇಳೆಯಲ್ಲಿ ಕ್ಲಿನಿಕಲ್ ವಿಭಾಗದ ಪಿಜಿ ಒಪಿಡಿಯಲ್ಲೋ ವಾರ್ಡಿನಲ್ಲೋ ಇರುತ್ತಾನೆ, ನನ್ನಂತಹವನು ನಲವತ್ತು ಕಿಲೋಮೀಟರ್ ದೂರದ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರದಲ್ಲಿರುತ್ತಾನೆ. ನನ್ನ ಹನ್ನೊಂದು ಭೇಟಿಗಳಲ್ಲಿ ಏಳಕ್ಕೆ ನಾನು ಯಾರಾದರೊಬ್ಬ ಸಹಪಾಠಿಯನ್ನು ಬೇಡಿಕೊಂಡು ಡ್ಯೂಟಿ ಬದಲಾಯಿಸಿಕೊಳ್ಳಬೇಕಾಯಿತು. ಶಸ್ತ್ರಚಿಕಿತ್ಸಾ ವಿಭಾಗದ ನನ್ನ ಗೆಳೆಯನಿಗೆ ಅಂತಹ ಅವಕಾಶವೇ ಇಲ್ಲದೆ, ಮೂರು ವರ್ಷದಲ್ಲಿ ಅವನು ಆ ಮೇಜನ್ನು ನೋಡಿದ್ದು ದೂರದಿಂದ. ಕ್ಯಾಂಪಸ್ಸಿನ ಹೊರಗಿನಿಂದ ನಿಯತಕಾಲಿಕಗಳನ್ನು ತೆರೆಯಲು ಕೊಡುವ ಖಾತೆಯಂತೂ ನನಗೆ ಸಿಕ್ಕಿದ್ದು ಅರ್ಜಿ ಕೊಟ್ಟ ಎರಡು ತಿಂಗಳ ಮೇಲೆ. ಹೆಸರಿನ ಕಾಗುಣಿತ ತಪ್ಪಾಗಿದ್ದರಿಂದ ಮತ್ತೆ ಅರ್ಜಿ. ಊರುಗಳ ಕಾಗುಣಿತದಲ್ಲಿ ಅಷ್ಟು ಸೂಕ್ಷ್ಮವಾಗಿರುವ ಗ್ರಂಥಾಲಯದಲ್ಲಿ ನನ್ನ ಹೆಸರಿಗೆ ಆ ಗತಿ ಬಂದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ.

ಇಡೀ ಸೇವೆ ಒಬ್ಬರೇ ವ್ಯಕ್ತಿಯ ಮೇಲೆ ನಿಂತಿರುವುದು ಇದಕ್ಕಿಂತ ದೊಡ್ಡ ಕೊರತೆ ಎಂದು ನನಗೆ ಅನ್ನಿಸುತ್ತದೆ. ಅವರು ರಜೆಯಲ್ಲಿದ್ದ ಹದಿನೈದು ದಿನ ಆ ಕುರ್ಚಿಯಲ್ಲಿ ಕುಳಿತಿದ್ದ ಕಿರಿಯ ಸಿಬ್ಬಂದಿ ವಿನಯವಂತರೇ. ಆದರೆ ನಾನು ಕೇಳಿದ ಪ್ರಶ್ನೆಗೆ ಪಬ್‌ಮೆಡ್ ತೆರೆದು ನನಗೇ ಕೀಲಿಮಣೆಯನ್ನು ಕೊಟ್ಟರು. ಹಿರಿಯರ ತಲೆಯಲ್ಲಿರುವ ಆ ಹೆಸರುಗಳ ಪಟ್ಟಿ ಯಾವ ಕಡತದಲ್ಲೂ ಇಲ್ಲ. ಅವರ ನಿವೃತ್ತಿಗೆ ಹೆಚ್ಚು ವರ್ಷಗಳಿಲ್ಲ.

ಕನ್ನಡದ ಸಾಮಗ್ರಿಯ ಬಗ್ಗೆಯೂ ಹೇಳಬೇಕು. ನನ್ನ ಪ್ರಶ್ನೆ ಜನರ ನಡವಳಿಕೆಗೆ ಸಂಬಂಧಿಸಿದ್ದರಿಂದ ಆರೋಗ್ಯ ಇಲಾಖೆ ಆಯಾ ಕಾಲದಲ್ಲಿ ಜನರಿಗೆ ಕನ್ನಡದಲ್ಲಿ ಏನು ಹೇಳಿತ್ತು ಎಂಬುದು ಮುಖ್ಯ ಆಕರವಾಗಿತ್ತು. ಎಣ್ಣೆಯನ್ನು ಯಾವಾಗ ಹಚ್ಚಬೇಕು, ಎಷ್ಟು ಹೊತ್ತಿನ ಮೇಲೆ ಮತ್ತೆ ಹಚ್ಚಬೇಕು ಎಂದು ಕರಪತ್ರಗಳಲ್ಲಿ ಬರೆದದ್ದೇನು, ‘ಉಣುಗು’ ಎಂದರೇ ‘ಉಣ್ಣಿ’ ಎಂದರೇ ಎಂಬುದನ್ನು ತಿಳಿಯದೆ ಪ್ರಶ್ನಾವಳಿಯನ್ನು ರಚಿಸುವಂತಿರಲಿಲ್ಲ. ಪಬ್‌ಮೆಡ್ ಇದಕ್ಕೆ ಕುರುಡು. ನಮ್ಮ ಗ್ರಂಥಾಲಯದಲ್ಲಿ ಒಂದೂ ಕರಪತ್ರವಿಲ್ಲ, ಜಿಲ್ಲಾ ಪತ್ರಿಕೆಗಳ ಹಳೆಯ ಕಡತಗಳಿಲ್ಲ. ಗ್ರಂಥಪಾಲಕರು ಇದನ್ನು ಒಪ್ಪಿಕೊಂಡು, ಕೇಂದ್ರದ ರೋಗ ಕಣ್ಗಾವಲು ಕಾರ್ಯಕ್ರಮದ ವಾರದ ವರದಿಗಳು ಜಾಲತಾಣದಲ್ಲಿ ಸಿಗುತ್ತವೆ, ಉಳಿದದ್ದಕ್ಕೆ ತಾಲ್ಲೂಕಿನ ಆರೋಗ್ಯ ಕಚೇರಿಗೇ ಹೋಗಿ ಎಂದರು. ಹೋದೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಹಿರಿಯ ಆಶಾ ಕಾರ್ಯಕರ್ತೆಯೊಬ್ಬರು ತಮ್ಮ ಮನೆಯ ಟ್ರಂಕಿನಿಂದ ಹಳೆಯ ಕರಪತ್ರಗಳನ್ನು ತೆಗೆದುಕೊಟ್ಟರು. ಅಕ್ಕಿ ಡಬ್ಬಿಯ ತಳಕ್ಕೆ ಹಾಸಿದ್ದ ಒಂದನ್ನೂ ಸೇರಿಸಿ. ಅವುಗಳ ಸ್ಕ್ಯಾನ್ ಪ್ರತಿಗಳನ್ನು ನಾನು ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಎಲ್ಲಿ ಇಡುವುದು, ಯಾವ ಸಂಖ್ಯೆ ಕೊಡುವುದು ಎಂದು ಇನ್ನೂ ತೀರ್ಮಾನವಾಗಿಲ್ಲವಂತೆ.

ಈ ಸೇವೆಗೆ ನಮ್ಮ ಕಾಲೇಜಿನವರಿಗೆ ಶುಲ್ಕವಿಲ್ಲ. ಝೆರಾಕ್ಸಿಗೆ ಪುಟಕ್ಕೆ ಎರಡು ರೂಪಾಯಿ ಮಾತ್ರ. ಹೋಗಬೇಕೆನ್ನುವವರು ಸಿನಾಪ್ಸಿಸ್ ಸಲ್ಲಿಸಲು ಕನಿಷ್ಠ ಎರಡು ತಿಂಗಳು ಇರುವಾಗ ಹೋಗಬೇಕು, ಕೊನೆಯ ವಾರ ಹೋದರೆ ಅವರು ಕೂಡ ನಿಸ್ಸಹಾಯಕರು. ವಿಷಯವನ್ನು ಎರಡು ವಾಕ್ಯದಲ್ಲಿ ಬರೆದುಕೊಂಡು, ಈಗಾಗಲೇ ಚೆನ್ನಾಗಿದೆ ಎನ್ನಿಸಿದ ಎರಡು ಮೂರು ಲೇಖನಗಳನ್ನು ಜೊತೆಗಿಟ್ಟುಕೊಂಡು ಹೋದರೆ ಕೆಲಸ ಬೇಗ ಸಾಗುತ್ತದೆ, ಏಕೆಂದರೆ ಅವುಗಳಿಗೆ ಯಾವ ಮೆಶ್ ಶೀರ್ಷಿಕೆ ಕೊಟ್ಟಿದ್ದಾರೆಂದು ನೋಡುವುದೇ ಅವರ ಮೊದಲ ಹೆಜ್ಜೆ. ಮಾಡಿದ ಶೋಧವನ್ನು ಅಲ್ಲಿಯೇ ನಿಮ್ಮ ಖಾತೆಯಲ್ಲಿ ಉಳಿಸಿಕೊಳ್ಳಿ. ನಾನು ಮೊದಲ ಬಾರಿ ಉಳಿಸದೆ ಬಂದು, ಅಂದು ಹಾಕಿದ ಪದಗಳಾವುವೆಂದು ನೆನಪಿಸಿಕೊಳ್ಳಲು ಮತ್ತೊಂದು ಡ್ಯೂಟಿ ಬದಲಾಯಿಸಬೇಕಾಯಿತು.

ಐದು ನಕ್ಷತ್ರಗಳಲ್ಲಿ ಅಂಕ ಕೊಡಬೇಕೆಂದರೆ ಮೇಜಿನ ಹಿಂದೆ ಕುಳಿತವರಿಗೆ ಐದು, ಮೇಜಿನ ವೇಳಾಪಟ್ಟಿಗೆ ಎರಡು. ವಾರಕ್ಕೆ ಒಂದು ದಿನವಾದರೂ ಸಂಜೆ ಆರರಿಂದ ಎಂಟರವರೆಗೆ ಮೇಜನ್ನು ತೆರೆದಿಡಬೇಕು, ಒಬ್ಬ ಕಿರಿಯ ಗ್ರಂಥಪಾಲಕರನ್ನು ಈ ಕೆಲಸದಲ್ಲಿಯೇ ತರಬೇತುಗೊಳಿಸಬೇಕು ಎಂದು ಹದಿನಾಲ್ಕು ಪಿಜಿಗಳು ಸಹಿ ಮಾಡಿದ ಮನವಿಯನ್ನು ಸಲಹಾ ಪೆಟ್ಟಿಗೆಯಲ್ಲಿ ಹಾಕಿ ನಾಲ್ಕು ತಿಂಗಳಾಯಿತು. ಪೆಟ್ಟಿಗೆಯ ಕೀಲಿ ಯಾರ ಬಳಿ ಇದೆ ಎಂದು ಕಳೆದ ವಾರ ವಿಚಾರಿಸಿದೆ, ಹುಡುಕುತ್ತಿದ್ದಾರೆ.